ಆವರೇಜ್ ಎಷ್ಟ ಕೊಡತೈತ್ರಿ?

ಬೋರ್ಡಿನ ಮೇಲೆ ಮುನವಳ್ಳಿ, ಬಾಯಾಗ ಮನೋಳಿ. ಈ ಊರಾಗ ಕಾರು ತಂದವನನ್ನು ಯಾರೂ ಮೊದಲು ರೇಟು ಕೇಳುವುದಿಲ್ಲ. "ಆವರೇಜ್ ಎಷ್ಟ ಕೊಡತೈತ್ರಿ ಸರ?" ಅನ್ನುತ್ತಾರೆ. ಮಾಸ್ತರಿಕೆಯಿಂದ ನಿವೃತ್ತನಾಗಿ ಸೆಕೆಂಡ್ ಹ್ಯಾಂಡ್ ಆಲ್ಟೊ ತಂದ ಮೇಲೆ ನನಗೂ ಅದೇ ಗೀಳು ಹತ್ತಿತು. ಹಳೆಯ ಹಾಜರಿ ಪುಸ್ತಕದಲ್ಲಿ ಗೆರೆ ಹೊಡೆದು, ಟಾಕಿ ಫುಲ್ ಮಾಡಿಸಿದಾಗಲೆಲ್ಲ ಕಿಲೋಮೀಟರು, ಲೀಟರು ಬರೆದಿಟ್ಟೆ. ಮುಂಜಾನೆ ಗಾಲಿ ತಣ್ಣಗಿರುವಾಗಲೇ ಹವಾ ನೋಡಿಸಿದೆ. ಐವತ್ತರ ಮೇಲೆ ಓಡಿಸಲಿಲ್ಲ; ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು ಎಂಬುದು ವಿಜ್ಞಾನದ ಮಾಸ್ತರನಿಗೆ ಗೊತ್ತಿರದ್ದೇನಲ್ಲ. 16 ಇದ್ದದ್ದು 20ಕ್ಕೆ ಬಂತು.

ಆಸೆ ಅಲ್ಲಿಗೆ ನಿಲ್ಲಲಿಲ್ಲ. ಯಲ್ಲಮ್ಮನ ಗುಡ್ಡದಿಂದ ಇಳಿಯುವಾಗ ಒಮ್ಮೆ ಇಂಜಿನ್ನನ್ನೇ ಬಂದ್ ಮಾಡಿದೆ. ಎರಡು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಾಯಿತು, ಸ್ಟೇರಿಂಗ್ ಬಿಗಿಯಿತು. ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಾಗ ಅಂಗಿ ತೊಯ್ದಿತ್ತು. ಆಮೇಲೆ ತಿಳಿಯಿತು: ಇಂಜೆಕ್ಷನ್ ಗಾಡಿಯನ್ನು ಗೇರಿನಲ್ಲೇ ಬಿಟ್ಟು ಎಕ್ಸಲೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಎಣ್ಣೆ ತಾನೇ ನಿಲ್ಲುತ್ತದೆ. ನ್ಯೂಟ್ರಲ್‌ಗೆ ಹಾಕಿದರೇ ಕುಡಿಯುತ್ತದೆ.

ಅಷ್ಟಾದರೂ ಅಂಕಿ 19ಕ್ಕೆ ಇಳಿಯಿತು. ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಲೀಟರಿಗೆ ಲೀಟರು ಹೋಲಿಸಿದರೆ ಅದರ ಕಸುವು ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಬೈಯುವುದಾದರೂ ಯಾರನ್ನು? ನಮ್ಮೂರ ಹೆಸರಿನಲ್ಲೇ ಇರುವ ಸಕ್ಕರೆ ಕಾರ್ಖಾನೆಯಲ್ಲೂ ಎಥೆನಾಲ್ ಆಗುತ್ತದೆ. ನನ್ನ ಟಾಕಿಯಲ್ಲಿ ಎಲ್ಲೋ ಮಲಪ್ರಭೆಯ ನೀರು ಕುಡಿದ ಕಬ್ಬೂ ಇದ್ದೀತು.

ಇಷ್ಟೆಲ್ಲ ಉಳಿತಾಯದ ಪುರಾಣವನ್ನು ಒಂದು ರಾತ್ರಿ ಹೆಂಡತಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು: "ಉಳಿಸಿದ್ದು ಎಲ್ಲಿ ಇಟ್ಟೀರಿ?"

ಪುಸ್ತಕ ತಿರುವಿ ಹಾಕಿದೆ. ಮೊದಲ ವರ್ಷಕ್ಕಿಂತ ಎರಡನೇ ವರ್ಷ ಎಣ್ಣೆ ಹೆಚ್ಚೇ ಹಾಕಿಸಿದ್ದೆ! ಆವರೇಜ್ ಚಲೋ ಬರತೈತಿ ಎಂದು ಸೊಗಲದ ಜಲಪಾತಕ್ಕೆ, ಕಿತ್ತೂರಿಗೆ, ಕಾರಣವಿಲ್ಲದೆ ಬೈಲಹೊಂಗಲಕ್ಕೆ ಓಡಾಡಿದ್ದೆ. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಕಲ್ಲಿದ್ದಲ ಬಗ್ಗೆ ಇದನ್ನೇ ಬರೆದ: ಯಂತ್ರ ಮಿತವ್ಯಯಿಯಾದಷ್ಟೂ ಕಲ್ಲಿದ್ದಲು ಹೆಚ್ಚೇ ಉರಿಯುತ್ತದೆ. ಅವನಿಗಿಂತ ಏಳು ಶತಮಾನ ಹಿಂದೆ ಕಲ್ಯಾಣದಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನ ಮಾತು ಇದಕ್ಕಿಂತ ಹರಿತವಾಗಿತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಅಂಗಳದಲ್ಲಿ ಬಿದ್ದ ಕಾಳೇ, ಕದ್ದದ್ದಲ್ಲ. ಆದರೂ ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಅಂದಳು. ಮಾರಯ್ಯನಿಗೆ ಹಿಂತಿರುಗಿಸಲು ಅಂಗಳವಾದರೂ ಇತ್ತು. ನಾನು ಉಳಿಸಿದ ಎಣ್ಣೆ ಸೈಲೆನ್ಸರಿನಿಂದ ಹೊಗೆಯಾಗಿ ಹೋಗಿತ್ತು. ಹಾಗಾದರೆ ನನ್ನದು ನೇಮವೋ, ಲೆಕ್ಕ ಇಟ್ಟ ದುರಾಸೆಯೋ? ಎರಡನೆಯದೇ ಎಂದು ಒಪ್ಪಿಕೊಳ್ಳಲು ನನಗೆ ತಿಂಗಳು ಹಿಡಿಯಿತು.

ಈ ಸಲ ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟಾಗ ಪಕ್ಕದ ಮನೆಯ ಅಜ್ಜಿ ಪಡ್ಡಲಗಿ ಹಿಡಿದು ಬಸ್ಸಿಗೆ ನಿಂತಿದ್ದಳು, ಜೊತೆಗೆ ಸೊಸೆ, ಮೊಮ್ಮಗಳು. "ಹತ್ತ ಬಾ ಯವ್ವಾ," ಅಂದಳು ನನ್ನಾಕೆ, ನನ್ನ ಕೇಳದೆ. ಹಿಂದಿನ ಗಾಲಿ ಕುಸಿದದ್ದು ನನ್ನ ಸೊಂಟಕ್ಕೇ ತಿಳಿಯಿತು. ಗುಡ್ಡದ ದಾರಿಯಲ್ಲಿ ಚಕ್ಕಡಿಗಳ ಸಾಲು. ಮುಂದೆ ಹೋಗಲು ಜಾಗವಿಲ್ಲ, ಫಸ್ಟ್ ಗೇರ್, ಸೆಕೆಂಡ್ ಗೇರ್. ಎತ್ತಿನ ಕೊರಳ ಗಂಟೆ, ಭಂಡಾರದ ಧೂಳು, ಹಿಂದಿನಿಂದ ಅಜ್ಜಿಯ "ಉಧೋ ಉಧೋ".

ಆ ಟಾಕಿಯ ಆವರೇಜ್ 13. ಪುಸ್ತಕದಲ್ಲಿ ಬರೆದೆ. ಪಕ್ಕದಲ್ಲಿ ಎಂದೂ ಇಲ್ಲದ ಒಂದು ಕಾಲಂ ಎಳೆದು "ಮಂದಿ: 5" ಎಂದೂ ಬರೆದೆ. ಹಿಂದಿನ ಪುಟಗಳಿಗೂ ಆ ಕಾಲಂ ಎಳೆಯುತ್ತಾ ಹೋದೆ. ಹೆಚ್ಚಿನ ಸಾಲುಗಳಲ್ಲಿ ಒಂದೇ ಇತ್ತು.