ಚಿಲಕ ಯಾವ ಕಡೆಗೆ?

ಮಗ ಹೊಸ ಮನೆಯ ನಕ್ಷೆಯನ್ನು ತಂದು ಊಟದ ಮೇಜಿನ ಮೇಲೆ ಹರಡಿದ. ಗುಂಪಿನ ಫೋಟೋ ಕೈಗೆ ಬಂದರೆ ಯಾರೇ ಆಗಲಿ ಮೊದಲು ಹುಡುಕುವುದು ತಮ್ಮ ಮುಖವನ್ನೇ ಅಲ್ಲವೆ? ನನ್ನ ಕಣ್ಣೂ ಹಾಗೆಯೇ ನಮ್ಮಿಬ್ಬರ ಕೋಣೆಯನ್ನು ಹುಡುಕಿತು. ಅದು ಕೆಳಗೆ, ಕಾರು ನಿಲ್ಲಿಸುವ ಜಾಗದ ಹಿಂದೆ ಇತ್ತು. ಒಂದು ಮಲಗುವ ಕೋಣೆ, ಸಣ್ಣದೊಂದು ಹಜಾರ, ಹಿಡಿದುಕೊಳ್ಳಲು ಕಂಬಿಗಳಿರುವ ಬಚ್ಚಲು, ನಮ್ಮದೇ ಆದ ಬೇರೆ ಬಾಗಿಲು. ಪಕ್ಕದಲ್ಲಿ ‘ತಾತ ಅಜ್ಜಿ ಪೋರ್ಷನ್’ ಎಂದು ಬರೆದಿತ್ತು. ಅಡುಗೆಮನೆ ಇರಲಿಲ್ಲ. ಅದರ ಜಾಗದಲ್ಲಿ ನೀರಿನ ಕೊಳವೆಗಳನ್ನು ಮಾತ್ರ ಗುರುತಿಸಿದ್ದರು.

“ನೀವು ಹೇಗಿದ್ರೂ ನಮ್ಮ ಜೊತೇಲೇ ಊಟ ಮಾಡ್ತೀರಲ್ಲಪ್ಪ, ಈಗ ಅಡುಗೆಮನೆ ಬೇಡ. ಮುಂದೆ ಬಾಡಿಗೆಗೆ ಕೊಡೋದಾದ್ರೆ ಮಾಡಿಕೊಳ್ಳಬಹುದು,” ಎಂದ.

‘ಮುಂದೆ’ ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ನನ್ನ ಹೆಂಡತಿ ನಕ್ಷೆಯನ್ನು ಮಡಿಸಿ ಪಕ್ಕಕ್ಕಿಟ್ಟು ತಟ್ಟೆ ಹಾಕಿದಳು.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟಾಗುವ ಹಕ್ಕೂ ನನಗಿರಲಿಲ್ಲ. 1991ರಲ್ಲಿ ಇದೇ ನಿವೇಶನದ ಮೇಲೆ ಇಂಥದೇ ನಕ್ಷೆಯನ್ನು ನಾನೇ ಬರೆದಿದ್ದೆ.

ಆಗ ನಾವು ಹಲಸೂರಿನ ಒಂದು ವಠಾರದಲ್ಲಿದ್ದೆವು. ಸೋಮೇಶ್ವರ ದೇವಸ್ಥಾನದ ಗಂಟೆ ಕೇಳುವಷ್ಟು ಹತ್ತಿರ. ಅಪ್ಪ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಇಂದಿರಾನಗರದ ಆಚೆ, ಎಚ್‌ಎಎಲ್ ಮೂರನೆಯ ಹಂತದಲ್ಲಿ ಬಿಡಿಎ ಅವರಿಗೊಂದು ಮೂವತ್ತು ನಲವತ್ತರ ಸೈಟು ಕೊಟ್ಟಿತ್ತು. ಸುತ್ತಲೂ ಬಿಡಬೇಕಾದ ಜಾಗ ಬಿಟ್ಟ ಮೇಲೆ ಕೆಳಗೆ ಎಂಟು ಚದರ ಕಟ್ಟಬಹುದಿತ್ತು. ಸೈಟು ಅವರದು, ಸಾಲ ನನ್ನದು. ಹಾಗಾಗಿ ನಕ್ಷೆಯೂ ನನ್ನದಾಯಿತು. ಸಾಲ ತೀರಿಸುವವನೇ ಗೋಡೆ ಎಲ್ಲಿ ಬರಬೇಕೆಂದು ಹೇಳುವುದು ಎಷ್ಟು ಸಹಜವಾಗಿ ನಡೆದುಹೋಗುತ್ತದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಅಮ್ಮನಿಗೂ ನನ್ನ ಹೆಂಡತಿಗೂ ಜಗಳವೇನೂ ಇರಲಿಲ್ಲ. ಆದರೆ ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಹನ್ನೆರಡು ವರ್ಷ ನಿಂತಿದ್ದರು. ಸಾರಿಗೆ ಹುಣಿಸೆಹಣ್ಣು ಎಷ್ಟು ಎಂಬ ಪ್ರಶ್ನೆಗೆ ಇಬ್ಬರಲ್ಲೂ ಬೇರೆ ಬೇರೆ ಉತ್ತರವಿತ್ತು. ಆದ್ದರಿಂದ ಅಪ್ಪ ಅಮ್ಮನಿಗೆ ಬೇರೆ ಒಂದು ಪೋರ್ಷನ್ ಎಂದು ನಿರ್ಧರಿಸಿದೆ. ಹತ್ತು ಹನ್ನೆರಡರ ಒಂದು ಕೋಣೆ, ಆರು ಎಂಟರ ಅಡುಗೆಮನೆ, ಚಿಕ್ಕದೊಂದು ಬಚ್ಚಲು. ಎಲ್ಲ ಸೇರಿ ಎರಡು ಚದರ. ಅದನ್ನು ಹಿಂದುಗಡೆ ಇಟ್ಟು, ಪಕ್ಕದ ಓಣಿಗೆ ಬಾಗಿಲು ಕೊಟ್ಟೆ. ನನಗೆ ಅದೊಂದು ಜಾಣತನವಾಗಿಯೇ ಕಂಡಿತ್ತು.

ಅಪ್ಪ ನಕ್ಷೆಯನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. “ನಾನು ಹುಟ್ಟಿದ್ದು ಔಟ್‌ಹೌಸಿನಲ್ಲಿ ಕಣೋ. ಸಾಯೋದೂ ಅಲ್ಲೇ ಅಂತ ಬರೆದಿದ್ದೀಯಲ್ಲ,” ಎಂದರು.

ದಂಡು ಪ್ರದೇಶದ ಹಳಬರಿಗೆ ಔಟ್‌ಹೌಸ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಊರಿದ ಮೇಲೆ ಕಟ್ಟಿಕೊಂಡ ಬಂಗಲೆಗಳಿಗೆ ದೊಡ್ಡ ಕಾಂಪೌಂಡು, ಮುಂದೆ ಹೂದೋಟ, ಬಂಗಲೆಗೆ ಮರದ ಕೆತ್ತನೆಯ ಮುಂಚಾಚು. ಹಿಂದುಗಡೆ, ಬಂಗಲೆಯ ಕಣ್ಣಿಗೆ ಬೀಳದಂತೆ, ಆಳುಕಾಳುಗಳ ಸಾಲುಮನೆ. ಅಡುಗೆಯವನು, ಮಾಲಿ, ಕುದುರೆ ನೋಡುವವನು, ಆಯಾ ಇವರೆಲ್ಲ ಅಲ್ಲಿರುತ್ತಿದ್ದರು. ನನ್ನ ತಾತ ಅಂಥದೊಂದು ಬಂಗಲೆಯಲ್ಲಿ ಮಾಲಿಯಾಗಿದ್ದರು. 1949ರಲ್ಲಿ ದಂಡು ಮತ್ತು ಪೇಟೆ ಸೇರಿ ಒಂದೇ ನಗರವಾಯಿತು. ಅನೇಕ ಬಂಗಲೆಗಳು ಆಮೇಲೆ ಉರುಳಿ ಕಟ್ಟಡಗಳಾದವು. ಔಟ್‌ಹೌಸ್ ಎಂಬ ಪದ ಮಾತ್ರ ಬೆಂಗಳೂರಿನ ಬಾಯಲ್ಲಿ ಉಳಿಯಿತು. ಹಿತ್ತಿಲ ಬಾಗಿಲಿನಿಂದ ಬರುವುದು, ಹಿತ್ತಿಲ ಬಾಗಿಲಿನಿಂದಲೇ ಹೋಗುವುದು ಎಂಬುದರಲ್ಲಿ ಏನಿದೆ ಎಂದು ಅಪ್ಪನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ನಾಚಿಕೆಯಾಗಿ ನಕ್ಷೆಯನ್ನು ತಿರುಗಿಸಿದೆ. ಅವರ ಕೋಣೆ ರಸ್ತೆಯ ಕಡೆಗೆ ಬಂತು. ಅವರ ಬಾಗಿಲಿನ ಮುಂದೆ ಇಬ್ಬರು ಕೂರುವಷ್ಟು ಒಂದು ಕಟ್ಟೆ. ಒಂದೇ ಮನೆಗೆ ಬೀದಿಗೆ ತೆರೆಯುವ ಎರಡು ಬಾಗಿಲು ಕಂಡ ಮೇಸ್ತ್ರಿ, “ಏನ್ ಸಾರ್, ಅಣ್ಣ ತಮ್ಮಂದಿರು ಭಾಗ ಆದ್ರಾ?” ಎಂದು ಕೇಳಿದ. ಎರಡು ಮನೆಗಳ ನಡುವೆ, ಒಳಗಿನಿಂದ, ಇನ್ನೊಂದು ಬಾಗಿಲು ಇಟ್ಟೆವು.

ಗೃಹಪ್ರವೇಶಕ್ಕೆ ಒಂದು ವಾರ ಮೊದಲು ಅಮ್ಮ ಮನೆ ನೋಡಲು ಬಂದಳು. ಮಾತಾಡದೆ ಎಲ್ಲವನ್ನೂ ನೋಡಿದಳು. ಕೊನೆಗೆ ಆ ನಡುಬಾಗಿಲಿನ ಹತ್ತಿರ ನಿಂತು, “ಇದರ ಚಿಲಕ ಯಾವ ಕಡೆಗಿದೆಯಪ್ಪಾ?” ಎಂದಳು. ನೋಡಿದರೆ, ನಮ್ಮ ಕಡೆಗಿತ್ತು. ಯಾರೂ ಯೋಚಿಸಿ ಹಾಕಿದ್ದಲ್ಲ. ಬಡಗಿ ಕೇಳಲಿಲ್ಲ, ನಾನು ಹೇಳಲಿಲ್ಲ. “ನಮ್ಮ ಕಡೆಗೂ ಒಂದು ಹಾಕಿಸು,” ಎಂದಷ್ಟೇ ಹೇಳಿ ಹೋದಳು.

ಆ ಮಾತಿನ ಅರ್ಥ ಆಮೇಲೆ ತಿಳಿಯಿತು. ಚಿಲಕ ನಮ್ಮ ಕಡೆಗೆ ಮಾತ್ರ ಇದ್ದರೆ ಅದು ಅವರನ್ನು ಹೊರಗಿಟ್ಟಂತೆ. ಅವರ ಕಡೆಗೂ ಇದ್ದರೆ ಅದು ಎರಡು ಮನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಮ್ಮ ಚಿಲಕ ಹಾಕಿ ಮಲಗುತ್ತಿದ್ದಳು. ನನ್ನ ಹೆಂಡತಿಗೆ ಮೊದಮೊದಲು ಅದು ಕಸಿವಿಸಿಯಾಯಿತು. ಆಮೇಲೆ ಅವಳೂ ನಮ್ಮ ಕಡೆಯ ಚಿಲಕ ಹಾಕಿಕೊಂಡು ನಿಶ್ಚಿಂತೆಯಾಗಿ ಕಾದಂಬರಿ ಓದತೊಡಗಿದಳು. ಮುಚ್ಚಲು ಸಾಧ್ಯವಿದ್ದುದರಿಂದಲೇ ಆ ಬಾಗಿಲು ದಿನದ ಉಳಿದ ಹೊತ್ತೆಲ್ಲ ತೆರೆದಿರುತ್ತಿತ್ತು. ಮಗ ಶಾಲೆಯಿಂದ ಬಂದರೆ ಮೊದಲು ನುಗ್ಗುತ್ತಿದ್ದುದು ಅಜ್ಜಿಯ ಮನೆಗೆ. ಅಲ್ಲಿ ಒಲೆಯಿತ್ತು, ಒಲೆಯ ಮೇಲೆ ಏನಾದರೂ ಇರುತ್ತಿತ್ತು. ಹುಣಿಸೆಹಣ್ಣಿನ ವ್ಯಾಜ್ಯವೂ ತೀರಿತು. ನಮ್ಮ ಮನೆಯ ಸಾರು ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಯ ಗೊಜ್ಜು ಇಲ್ಲಿಗೆ ಬರುತ್ತಿತ್ತು; ಎರಡನ್ನೂ ಎಲ್ಲರೂ ಹೊಗಳುತ್ತಿದ್ದರು.

1948ರಲ್ಲಿ ಷೆಲ್ಡನ್ ಎಂಬ ವೈದ್ಯರು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಎಂಬ ಊರಿನ ಮುದುಕರ ಬದುಕನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಮಕ್ಕಳು ‘ಹತ್ತಿರ’ ಇದ್ದಾರೆ ಎಂದರೆ ಎಷ್ಟು ಹತ್ತಿರ ಎಂಬ ಪ್ರಶ್ನೆ ಅವರಿಗೆ ಎದುರಾಯಿತು. ಅವರು ಮೈಲಿಯಲ್ಲಿ ಅಳೆಯಲಿಲ್ಲ. ಬಿಸಿ ಊಟವನ್ನು ಒಂದು ಮನೆಯಿಂದ ಇನ್ನೊಂದಕ್ಕೆ, ಮತ್ತೆ ಬಿಸಿ ಮಾಡಬೇಕಾಗದಂತೆ, ಒಯ್ಯಬಹುದಾದ ದೂರವೇ ಹತ್ತಿರ ಎಂದರು. ಜಪಾನೀಯರಲ್ಲಿಯೂ ‘ಸೂಪು ಆರದಷ್ಟು ದೂರ’ ಎಂಬ ಮಾತಿದೆ. ಇದನ್ನು ಓದಿದಾಗ ನನಗೆ ನಮ್ಮ ನಡುಬಾಗಿಲು ನೆನಪಾಯಿತು. ಆದರೆ ಒಂದು ಮಾತನ್ನು ಸೇರಿಸಬೇಕೆನಿಸಿತು: ಸಾರು ಎರಡೂ ದಿಕ್ಕಿಗೆ ಹೋಗಬೇಕು. ಒಂದೇ ದಿಕ್ಕಿಗೆ ಹೋದರೆ ಅದು ನೆರೆಹೊರೆಯಲ್ಲ, ವಾರಾನ್ನ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಅದಕ್ಕೆ ನಾನು ತೆತ್ತ ಬೆಲೆಯನ್ನು ಈಗ ಹೇಳಲೇಬೇಕು.

ಅಪ್ಪ 1997ರಲ್ಲಿ ತೀರಿಕೊಂಡರು. ಅಮ್ಮ ರಾತ್ರಿಯೂ ಚಿಲಕ ಹಾಕಿಕೊಳ್ಳತೊಡಗಿದಳು. 2001ರ ಮಳೆಗಾಲದ ಒಂದು ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದಳು. ಕೂಗು ಕೇಳಿ ಎದ್ದು ಓಡಿದರೆ ನಡುಬಾಗಿಲಿಗೆ ಚಿಲಕ, ಬೀದಿಬಾಗಿಲಿಗೆ ಅಗುಳಿ. ಕಿಟಕಿಯ ಗಾಜು ಒಡೆದು ಕೈ ಹಾಕಿ ಅಗುಳಿ ತೆಗೆದೆ. ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುವಂಥದು. ಅದಕ್ಕೆ ಅಡ್ಡವಾಗಿ ಅವಳೇ ಬಿದ್ದಿದ್ದಳು. ಇಂಚಿಂಚಾಗಿ ತಳ್ಳಿ ಒಳಗೆ ಹೋಗಲು ಇಪ್ಪತ್ತು ನಿಮಿಷವಾಯಿತು. ಸೊಂಟದ ಮೂಳೆ ಮುರಿದಿತ್ತು.

ಅವಳು ಆಸ್ಪತ್ರೆಯಲ್ಲಿದ್ದಾಗ ನಾನು ಎರಡು ಕೆಲಸ ಮಾಡಿದೆ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿದೆ. ಅದು ಸರಿಯಾದ ಕೆಲಸ. ನಡುಬಾಗಿಲಿನ ಅವಳ ಕಡೆಯ ಚಿಲಕವನ್ನು ನಾನೇ ಸ್ಕ್ರೂ ಡ್ರೈವರ್ ಹಿಡಿದು ಕಿತ್ತೆ. ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಳೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮನೆಗೆ ಬಂದ ದಿನ ಅವಳು ಕೋಲೂರಿಕೊಂಡು ಆ ಬಾಗಿಲಿನ ಹತ್ತಿರ ನಿಂತಳು. ಮರದಲ್ಲಿ ಸ್ಕ್ರೂಗಳ ನಾಲ್ಕು ತೂತುಗಳಿದ್ದವು. ಅವುಗಳ ಮೇಲೆ ಬೆರಳಾಡಿಸಿದಳು. ಏನೂ ಹೇಳಲಿಲ್ಲ. ಆಮೇಲೆ ಅವಳು ತನ್ನ ಒಲೆ ಹಚ್ಚಲಿಲ್ಲ. “ಒಬ್ಬಳಿಗೆ ಏನು ಅಡುಗೆ, ನಿಮ್ಮ ಜೊತೇಲೇ ಆಯ್ತು ಬಿಡು,” ಎಂದು ನಮ್ಮ ಮೇಜಿಗೆ ಬಂದು ಕೂತಳು. ಬಂಧುಗಳೆಲ್ಲ ನನ್ನನ್ನು ಹೊಗಳಿದರು: ನೋಡಿ, ತಾಯಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾನೆ! ನಾಲ್ಕು ವರ್ಷ ಹೀಗೆ ನಡೆಯಿತು. ಬಡಿಸಿದ್ದನ್ನು ತಿನ್ನುತ್ತಿದ್ದಳು, ಚೆನ್ನಾಗಿದೆ ಎನ್ನುತ್ತಿದ್ದಳು. ಹುಣಿಸೆಹಣ್ಣಿನ ಮಾತನ್ನು ಮತ್ತೆ ಎತ್ತಲೇ ಇಲ್ಲ. ಅತಿಥಿಗಳು ಎತ್ತುವುದಿಲ್ಲವಲ್ಲ. ಸೈಟು ಅವಳ ಗಂಡನದು; ಆ ಮನೆಯಲ್ಲಿ ಅವಳು ಅತಿಥಿಯಾಗಿ ತೀರಿಹೋದಳು.

ನಾನು ಮಾಡಿದ್ದು ತಪ್ಪೆ? ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಚಿಲಕವನ್ನು ಹಾಗೆಯೇ ಬಿಟ್ಟು, ಅವಳು ಮತ್ತೊಮ್ಮೆ ಬಿದ್ದು, ಬೆಳಗಿನವರೆಗೆ ಯಾರಿಗೂ ತಿಳಿಯದೆ ಹೋಗಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೆ? ಇಲ್ಲ. ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಆ ವಾಕ್ಯದಲ್ಲಿ ಕ್ಷಮೆ ಬೇಕಾಗಿದ್ದುದು ನನಗೆ. ನಿದ್ದೆ ಬರಬೇಕಾಗಿದ್ದುದು ನನಗೆ. ಭಯ ನನ್ನದು, ಅದರ ಬೆಲೆ ತೆತ್ತವಳು ಅವಳು. ಮಕ್ಕಳನ್ನು ಸೈಕಲ್ ಕೊಟ್ಟು ರಸ್ತೆಗೆ ಕಳಿಸಿದಾಗ ತಂದೆತಾಯಿ ಬಾಗಿಲಲ್ಲಿ ನಿಂತು ಭಯವನ್ನು ನುಂಗಿಕೊಳ್ಳುತ್ತಾರೆ. ಅದನ್ನು ನಾವು ಪ್ರೀತಿ ಎನ್ನುತ್ತೇವೆ. ಮುದುಕರ ವಿಷಯದಲ್ಲಿ ಮಾತ್ರ ನಮ್ಮ ಭಯವನ್ನು ನಾವು ಹೊರಲಾರೆವು. ಅವರ ಚಿಲಕ ಕಿತ್ತು, ಅದನ್ನೂ ಪ್ರೀತಿ ಎನ್ನುತ್ತೇವೆ.

ಇದಕ್ಕೆ ಕರಾರು ಪತ್ರ ಉತ್ತರವಾದೀತೆ? ಜರ್ಮನಿ, ಆಸ್ಟ್ರಿಯಗಳ ರೈತರಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಮುದುಕ ಜಮೀನನ್ನು ಮಗನಿಗೆ ಒಪ್ಪಿಸುವಾಗ ಬರೆಸಿಕೊಳ್ಳುತ್ತಿದ್ದ: ತಾನೂ ಹೆಂಡತಿಯೂ ಇರಲು ಇಂಥ ಮನೆ, ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ. ಅದಕ್ಕೆ ಆಲ್ಟೆನ್‌ಟೈಲ್ ಎಂದು ಹೆಸರು. ಹೆತ್ತವರು ಮಗನೊಡನೆ ಸೌದೆಗೆ ಲೆಕ್ಕ ಬರೆಸುವುದೆಂದರೆ ನಮಗೆ ಅಸಹ್ಯವೆನಿಸುತ್ತದೆ. ಆದರೆ ನಮ್ಮಲ್ಲಿಯೂ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು ಎನ್ನುತ್ತದೆ ಅದರ 23ನೆಯ ಕಲಮು. ಅಗತ್ಯವಾದ ಕಾನೂನೇ, ಮನೆಯಿಂದ ಹೊರಬಿದ್ದವರಿಗೆ ಅದೊಂದು ಆಸರೆ. ಆದರೆ ಅಮ್ಮನ ದೂರನ್ನು ಯಾವ ಕಲಮಿನ ಕೆಳಗೆ ಬರೆಯುವುದು? ಅವಳಿಗೆ ಅನ್ನವಿತ್ತು, ಔಷಧಿಯಿತ್ತು, ಹಾಸಿಗೆಯಿತ್ತು. ಇನ್ನೊಬ್ಬರಿಗೆ ಕೊಡಲು ಏನೂ ಇರಲಿಲ್ಲ, ಅಷ್ಟೆ.

ಪೋಷಣೆ ಎಂದರೆ ಮುದುಕರಿಗೆ ಏನು ಬೇಕೋ ಅದನ್ನು ಕೊಡುವುದು ಎಂದುಕೊಂಡಿದ್ದೇವೆ. ಅವರಿಂದ ಏನನ್ನಾದರೂ ತೆಗೆದುಕೊಳ್ಳುವುದೂ ಪೋಷಣೆಯೇ ಎಂದು ನನಗೆ ತಡವಾಗಿ ತಿಳಿಯಿತು. ಒಲೆ ಇದ್ದವನು ಬಂದವರಿಗೆ ಕಾಫಿ ಕೊಡಬಲ್ಲ. ಬಾಗಿಲು ಇದ್ದವನು ಬನ್ನಿ ಎನ್ನಬಲ್ಲ. ಚಿಲಕ ಇದ್ದವನು ಮಾತ್ರ ಅದನ್ನು ತಾನಾಗಿ ತೆಗೆಯಬಲ್ಲ.

ಮರುದಿನ ನಾನೂ ಮಗನೂ ಪೆನ್ಸಿಲ್ ಹಿಡಿದು ಕೂತೆವು. ಮೊದಲು ಲೆಕ್ಕದ ಮಾತು. ಗಾಲಿಕುರ್ಚಿಗೆ ಒಂದಡಿ ಏರಲು ಹನ್ನೆರಡು ಅಡಿ ಇಳಿಜಾರು ಬೇಕಂತೆ. ಎರಡಡಿ ಎತ್ತರದ ಅಡಿಪಾಯ ಹಾಕಿದರೆ 24 ಅಡಿ. ಮೂವತ್ತಡಿ ಅಗಲದ ಸೈಟಿನ ಮುಂಭಾಗವೆಲ್ಲ ಅದಕ್ಕೇ ಹೋಗುತ್ತದೆ. ಹಾಗಾಗಿ ನಮ್ಮ ಪೋರ್ಷನ್ನಿನ ಎತ್ತರವನ್ನು ಒಂದಡಿಗೆ ಇಳಿಸಿದೆವು. ಬಾಗಿಲುಗಳು ಮೂರಡಿ ಅಗಲ. ಹೊಸಿಲು ಇರಬಾರದು ಎಂದಾಗ ನನ್ನ ಹೆಂಡತಿ, “ಹೊಸಿಲಿಲ್ಲದ ಮನೆಯಾ? ಅರಿಶಿನ ಕುಂಕುಮ ಎಲ್ಲಿಡೋದು?” ಎಂದಳು. ನೆಲದ ಮಟ್ಟಕ್ಕೇ ಮರದ ಪಟ್ಟಿಯೊಂದನ್ನು ಹೂಳಿಸುವುದೆಂದು ತೀರ್ಮಾನವಾಯಿತು. ಕಾರು ಹಿಂದಕ್ಕೆ ಹೋಗಲಾರದು. ಆದರೂ ಅದನ್ನು ಒಂದು ಬದಿಗೆ ಸರಿಸಿ, ನಮ್ಮ ಬಾಗಿಲು ರಸ್ತೆ ಕಾಣುವಂತೆ ಮಾಡಿದೆವು. ಅದರ ಮುಂದೆ ಒಂದು ಕಟ್ಟೆ.

ಆಮೇಲೆ ನಾನು ಕೊಳವೆಗಳ ಗುರುತಿನ ಮೇಲೆ ಒಂದು ಒಲೆ ಬರೆದೆ.

“ಯಾಕಪ್ಪ? ನಿಮಗೆ ನಮ್ಮ ಅಡುಗೆ...” ಎಂದು ಅವನು ಅರ್ಧಕ್ಕೆ ನಿಲ್ಲಿಸಿದ.

“ಊಟಕ್ಕೆ ಅಲ್ಲ ಕಣೋ. ನೀವು ಬಂದಾಗ ಕಾಫಿ ಕೊಡೋದಕ್ಕೆ.”

ಉಳಿದದ್ದು ನಡುಬಾಗಿಲು. ಒಳಗಿನಿಂದ ಹಾಕಿದ್ದನ್ನು ಹೊರಗಿನಿಂದ ಕೀಲಿಯಲ್ಲಿ ತೆಗೆಯಬಹುದಾದ ಚಿಲಕಗಳು ಈಗ ಸಿಗುತ್ತವೆ. ಅಂಥದನ್ನೇ ನಮ್ಮ ಕಡೆಗೆ ಹಾಕಿಸುವುದು, ಕೀಲಿ ಅವನ ಹತ್ತಿರ ಇರುವುದು ಎಂದು ನಾನೇ ಹೇಳಿದೆ. ಅಮ್ಮನ ಚಿಲಕದ ಕಥೆಯನ್ನೂ ಹೇಳಿದೆ. ಆಗ ಹುಡುಗನಾಗಿದ್ದ ಅವನಿಗೆ ಅದು ತಿಳಿದಿರಲಿಲ್ಲ. ಸುಮ್ಮನೆ ಕೇಳಿದ.

ಕೀಲಿಯನ್ನು ಯಾವಾಗ ಬಳಸಬೇಕೆಂದು ನಕ್ಷೆಯಲ್ಲಿ ಬರೆಯಲಾಗುವುದಿಲ್ಲ. ನಾಳೆ ನಾನು ಬಿದ್ದರೆ, ಎದ್ದು ಬಂದ ಮೇಲೆ, ಆ ಬಾಗಿಲಿನಲ್ಲಿ ಚಿಲಕ ಇರುತ್ತದೆಯೋ ತೂತುಗಳಿರುತ್ತವೆಯೋ ಹೇಳಲಾರೆ. ಅವನೂ ನನ್ನ ಮಗನೇ. ಭಯ ಅವನಿಗೂ ಆಗುತ್ತದೆ. ಅವನಿಂದ ಒಂದೇ ಮಾತು ತೆಗೆದುಕೊಂಡಿದ್ದೇನೆ: ಕೀಳುವುದಾದರೆ ಮೊದಲು ನನ್ನನ್ನು ಕೇಳಬೇಕು, ಬೇಡ ಎನ್ನುತ್ತಾನೆಂದು ಗೊತ್ತಿದ್ದರೂ ಕೇಳಬೇಕು.