ಮುಗಿಯದ ಆಟವೂ ತಂದೆತಾಯಿಗಳ ಹೊಣೆಯೂ

ಮೊಬೈಲ್ ಫೋನಿನಲ್ಲಿ ಮಕ್ಕಳು ಆಡುವ ಆಟಗಳ ವಿಷಯವಾಗಿ ನಮ್ಮ ಸಭೆಗಳ ತಂದೆತಾಯಿಗಳು ಈಗೀಗ ಬಹಳವಾಗಿ ವಿಚಾರಿಸುತ್ತಿದ್ದಾರೆ. ಇದು ಪಾಪವೋ? ಫೋನನ್ನು ಕಸಿದುಕೊಂಡರೆ ಮಗನು ಅನ್ನ ಬಿಡುತ್ತಾನೆ, ಕೊಟ್ಟರೆ ಪುಸ್ತಕ ಬಿಡುತ್ತಾನೆ, ನಾವೇನು ಮಾಡಬೇಕು? ಎಂದು ಕೇಳುತ್ತಾರೆ. ಕೆಲವರಾದರೋ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು, ಇದು ಸೈತಾನನ ಪೆಟ್ಟಿಗೆ ಎಂಬ ಮಾತನ್ನು ಉಪದೇಶಿಯ ಬಾಯಿಂದ ಹೇಳಿಸಬೇಕೆಂದೇ ಬರುತ್ತಾರೆ. ಅಂಥ ಉತ್ತರವು ಹೇಳುವವನಿಗೂ ಕೇಳುವವನಿಗೂ ಸುಲಭವಾದದ್ದು. ಆದರೆ ಅದರಿಂದ ಮನೆಯೊಳಗಿನ ಸಂಗತಿಯು ಒಂದಿಷ್ಟೂ ಬದಲಾಗುವದಿಲ್ಲ. ಆದಕಾರಣ, ಪ್ರಿಯ ವಾಚಕರೇ, ಈ ವಿಷಯವನ್ನು ನಾವು ಸ್ವಲ್ಪ ನಿಧಾನವಾಗಿ ವಿಚಾರಿಸಿ ನೋಡೋಣ.

ಆಟವು ತನ್ನಲ್ಲಿ ತಾನೇ ಪಾಪವಲ್ಲ. ಪ್ರವಾದಿಯಾದ ಜೆಕರ್ಯನು ತನ್ನ ಗ್ರಂಥದ 8ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಮುಂದಿನ ಭಾಗ್ಯವನ್ನು ವರ್ಣಿಸುವಾಗ, ಮುದುಕರು ಕೋಲೂರಿಕೊಂಡು ಬೀದಿಗಳಲ್ಲಿ ಕುಳಿತಿರುವದನ್ನೂ ಹುಡುಗ ಹುಡುಗಿಯರು ಅಲ್ಲಿ ಆಡುತ್ತಿರುವದನ್ನೂ ಸೇರಿಸಿ ಹೇಳಿದ್ದಾನೆ. ಮಕ್ಕಳ ಆಟವಿಲ್ಲದ ಪಟ್ಟಣವನ್ನು ಆ ಪ್ರವಾದಿಯು ಆಶೀರ್ವಾದ ಹೊಂದಿದ ಪಟ್ಟಣವೆಂದು ಎಣಿಸಲಿಲ್ಲ. ನಮ್ಮ ಹಿರಿಯರ ಅನೇಕ ಮನೆಗಳಲ್ಲಿ ಇಸ್ಪೀಟಿನ ಎಲೆಗೆ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲವೆಂಬದು ನಿಜವೇ; ಆದರೆ ಅದೇ ಮನೆಗಳ ಅಂಗಳದಲ್ಲಿ ಲಗೋರಿಯ ಚೆಂಡೂ ಚಿನ್ನಿದಾಂಡೂ ಇದ್ದವು. ಇಸ್ಪೀಟು ಹಣವನ್ನು ತಿನ್ನುತ್ತದೆಂದು ಅವರು ಹೆದರಿದರೇ ಹೊರತು ನಗುವಿಗೆ ಹೆದರಲಿಲ್ಲ.

ಹಾಗಾದರೆ ಫೋನಿನ ಆಟಕ್ಕೂ ಲಗೋರಿಗೂ ಏನು ಭೇದ? ಒಂದು ಕಣ್ಣಿಗೆ ಕೇಡು, ಇನ್ನೊಂದು ಮೈಗೆ ಒಳ್ಳೇದು ಎಂದು ಹೇಳುವವರುಂಟು. ಅದು ಸರಿಯಾಗಿದ್ದರೂ ನಮಗೆ ತೋರುವ ಮುಖ್ಯವಾದ ಭೇದವು ಬೇರೆ. ಊರಿನ ಆಟಗಳೆಲ್ಲಾ ತಮ್ಮಷ್ಟಕ್ಕೆ ತಾವೇ ಮುಗಿಯುತ್ತಿದ್ದವು. ಅಳಿಗುಳಿಮಣೆಯಲ್ಲಿ ಗುಣಿಗಳ ಕಾಳು ತೀರಿದರೆ ಆಟ ತೀರಿತು. ಗೋಲಿ ಸೋತವನ ಜೇಬು ಬರಿದಾದರೆ ಅವನು ಮನೆಗೆ ಹೋಗಲೇ ಬೇಕು. ಕಬಡ್ಡಿ ಆಡುವವನಿಗೆ ಉಸಿರು ಸೋಲುತ್ತದೆ, ಕಾಲು ನೋಯುತ್ತದೆ. ಇಷ್ಟೆಲ್ಲಾ ಇಲ್ಲದಿದ್ದರೂ ಸೂರ್ಯನು ಮುಳುಗಿ ಚೆಂಡು ಕಾಣದೆ ಹೋಗುತ್ತದೆ. ತುಳುನಾಡಿನವರು ಚೆನ್ನೆಮಣೆಯನ್ನು ಆಟಿ ತಿಂಗಳ ಮಳೆಯಲ್ಲಿ ಇಳಿಸಿ ಆಡುವದು ರೂಢಿ; ಆಟಕ್ಕೆ ಸಂಜೆ ಮಾತ್ರವಲ್ಲ, ಕಾಲವೂ ಗೊತ್ತಾಗಿತ್ತು. ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಓದುವವರು ಒಂದು ಸಂಗತಿಯನ್ನು ಗಮನಿಸಿರಬಹುದು: ದೇವರು ತನ್ನ ಸ್ವಂತ ಕೆಲಸಕ್ಕೂ ದಿನದಿನಕ್ಕೆ ಒಂದು ಸಂಜೆಯನ್ನು ಇಟ್ಟನು, ಒಳ್ಳೇ ಕೆಲಸವೆಂದು ಅದನ್ನು ರಾತ್ರಿಯೊಳಕ್ಕೆ ಎಳೆಯಲಿಲ್ಲ.

ಫೋನಿನ ಆಟಗಳಲ್ಲಿ ಹೆಚ್ಚಿನವುಗಳಿಗೆ ಸಂಜೆಯೇ ಇಲ್ಲ. ಇದು ಮರೆತು ಬಿಟ್ಟ ಕೊರತೆಯಲ್ಲ, ತಿಳಿದು ಮಾಡಿದ ಏರ್ಪಾಡು. ಒಂದು ಪಂದ್ಯ ಮುಗಿದ ಕ್ಷಣವೇ ಮುಂದಿನ ಪಂದ್ಯದ ಗುಂಡಿ ಬೆರಳಿನ ಕೆಳಗೆ ಬಂದು ನಿಲ್ಲುತ್ತದೆ. ಈ ದಿನ ಬಂದವನಿಗೆ ಒಂದು ಬಹುಮಾನ, ಏಳು ದಿನ ತಪ್ಪದೆ ಬಂದವನಿಗೆ ದೊಡ್ಡ ಬಹುಮಾನ, ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಮೊದಲಿನಿಂದ. ಇನ್ನು ಕೆಲವು ಆಟಗಳಲ್ಲಿ ಮುಚ್ಚಿದ ಪೆಟ್ಟಿಗೆಗಳುಂಟು. ಒಳಗೆ ಏನಿದೆಯೆಂಬದು ತೆರೆಯುವ ತನಕ ಗೊತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞನಾದ ಬಿ. ಎಫ್. ಸ್ಕಿನ್ನರನು ಹಿಂದಿನ ಶತಮಾನದಲ್ಲಿ ಪಾರಿವಾಳಗಳನ್ನು ಪರೀಕ್ಷಿಸಿದಾಗ, ಕುಕ್ಕಿದಾಗಲೆಲ್ಲಾ ಕಾಳು ದೊರೆಯುವ ಹಕ್ಕಿಗಿಂತ, ಯಾವಾಗ ದೊರೆಯುವದೋ ತಿಳಿಯದ ಹಕ್ಕಿಯೇ ಬಿಡದೆ ಕುಕ್ಕುತ್ತದೆಂದು ಕಂಡನು. ಆ ಮುಚ್ಚಿದ ಪೆಟ್ಟಿಗೆಯು ಇದೇ ಕಾಳು. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ಆಯೋಗವು, ಕೆಲವು ಆಟಗಳಲ್ಲಿ ಹಣಕ್ಕೆ ಮಾರುವ ಇಂಥ ಪೆಟ್ಟಿಗೆಗಳು ಜೂಜೇ ಎಂದು ತೀರ್ಮಾನಿಸಿತು.

ಹೀಗಿರಲಾಗಿ ನಮ್ಮ ಅಜ್ಜಂದಿರಿಗೆ ಇಲ್ಲದಿದ್ದ ಒಂದು ಭಾರವು ಈಗಿನ ತಂದೆತಾಯಿಗಳ ಮೇಲೆ ಬಿದ್ದಿದೆ. ಆಗ ಸೂರ್ಯನು ಮಾಡುತ್ತಿದ್ದ ಕೆಲಸವನ್ನು ಈಗ ಅವರು ಮಾಡಬೇಕು. ಸೂರ್ಯನ ಮೇಲೆ ಯಾವ ಹುಡುಗನೂ ಸಿಟ್ಟಾಗುತ್ತಿರಲಿಲ್ಲ. ತಂದೆಯ ಮೇಲೆ ಆಗುತ್ತಾನೆ. ಇಲ್ಲಿಯೇ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಮಗನಿಗೆ ಸಂತೋಷವಾಗಿರುವದನ್ನು, ನೆರೆಯವನಿಗೆ ಏನೂ ಕೇಡು ಮಾಡದಿರುವದನ್ನು, ನಡುವೆ ನಿಲ್ಲಿಸುವದಕ್ಕೆ ತಂದೆಗೆ ಯಾವ ಅಧಿಕಾರವಿದೆ? ನಾನು ದುಡಿಯುತ್ತೇನೆ, ಫೋನು ನನ್ನದು ಎಂಬದು ಬಲದ ಉತ್ತರ, ನ್ಯಾಯದ ಉತ್ತರವಲ್ಲ. ನಮಗೆ ತೋರುವದೇನಂದರೆ, ಅಲ್ಲಿ ಇಬ್ಬರ ನಡುವೆ ಸಮನಾದ ಹೋರಾಟವಿಲ್ಲ. ಒಂದು ಕಡೆಯಲ್ಲಿ ಹತ್ತು ಹನ್ನೆರಡು ವರುಷದ ಹುಡುಗನು. ಇನ್ನೊಂದು ಕಡೆಯಲ್ಲಿ ಅವನನ್ನು ಇನ್ನೊಂದು ಗಳಿಗೆ ಕೂಡ್ರಿಸುವದಕ್ಕೆ ಸಂಬಳ ಪಡೆಯುವ, ಓದಿ ಬಲ್ಲ ಮಂದಿ. ಅವನು ತಾನಾಗಿಯೇ ಏಳಲಿ ಎಂದು ಕಾಯುವದು, ಈಜು ಬಾರದವನು ತಾನಾಗಿಯೇ ದಡ ಸೇರಲಿ ಎಂದು ನೋಡುತ್ತಾ ನಿಂತ ಹಾಗೆ. ಆದಕಾರಣ ತಡೆಯುವ ಅಧಿಕಾರವುಂಟು. ಆದರೆ ಆ ಅಧಿಕಾರವು ಮಗುವಿನ ಹಿತದಿಂದ ಬಂದದ್ದಾದರೆ, ಮಗುವಿನ ಹಿತಕ್ಕಾಗಿ ಮಾತ್ರವೇ ಅದನ್ನು ನಡಿಸಬಹುದು. ಹೊಲದಿಂದ ದಣಿದು ಬಂದ ಸಿಟ್ಟಿಗೆ, ಸಾಲಗಾರನ ಮೇಲಿನ ಕೋಪಕ್ಕೆ, ಅದನ್ನು ಬಳಸುವದು ಅಪಹಾರವೇ ಸರಿ.

ಮತ್ತು ಫೋನನ್ನು ಕೈಗೆ ಕೊಟ್ಟವರು ಯಾರು? 2016ರ ಸೆಪ್ಟೆಂಬರಿನಲ್ಲಿ ಜಿಯೊ ಕಂಪನಿಯು ಸೇವೆ ತೆರೆದ ಮೇಲೆ ಡಾಟಾದ ಬೆಲೆ ಇಳಿದು ಇಂಟರ್ನೆಟ್ಟು ಕೂಲಿಯವನ ಮನೆಗೂ ಬಂತು. 2020ರಲ್ಲಿ ಕೊರೋನಾ ರೋಗದಿಂದ ಶಾಲೆಗಳು ಮುಚ್ಚಿದಾಗ, ಪಾಠಕ್ಕಾಗಿ ಬೇಕೆಂದು ಸಾಲ ಮಾಡಿ ಫೋನು ಕೊಂಡ ಮನೆಗಳನ್ನು ನಾವು ಬಲ್ಲೆವು. ಪಾಠವು ಶಾಲೆಗೆ ಹಿಂತಿರುಗಿತು, ಆಟವು ಮನೆಯಲ್ಲಿ ಉಳಿಯಿತು. ಆದರೆ ಅದಕ್ಕಿಂತಲೂ ಮುಂಚೆ, ಮಗುವಿನ ಎಡಗೈಗೆ ಫೋನನ್ನು ಕೊಟ್ಟು ಬಾಯಿಗೆ ತುತ್ತಿಡುವ ಪದ್ಧತಿ ಬಂದಿತ್ತು. ಮನೆಭೇಟಿಯಲ್ಲಿ ಒಬ್ಬ ತಾಯಿಯು, “ಅಯ್ಯನವರೇ, ಅದನ್ನು ಕೊಟ್ಟರೆ ಉಣ್ಣುತ್ತದೆ, ಕೊಡದಿದ್ದರೆ ಅಳುತ್ತದೆ, ನನಗೆ ಒಲೆಯ ಮುಂದೆ ಕೆಲಸವಿದೆ” ಎಂದಳು. ಅವಳನ್ನು ದೂರುವದಕ್ಕೆ ನಮಗೆ ಮನಸ್ಸಾಗಲಿಲ್ಲ. ಆ ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವದಕ್ಕೆ ಇನ್ನೊಂದು ಕೈ ಇರಲಿಲ್ಲ. ಆದರೂ ಲೋಕಾರೋಗ್ಯ ಸಂಸ್ಥೆಯು 2019ರಲ್ಲಿ, ಒಂದು ವರುಷದ ಕೂಸಿಗೆ ಪರದೆಯೇ ಬೇಡವೆಂದೂ ಎರಡರಿಂದ ನಾಲ್ಕು ವರುಷದ ಮಕ್ಕಳಿಗೆ ದಿನಕ್ಕೆ ಒಂದು ತಾಸು ಮೀರಬಾರದೆಂದೂ ಹೇಳಿತು. ಎರಡನೆಯ ವರುಷದಲ್ಲಿ ಸುಮ್ಮನಿರಲೆಂದು ಕೊಟ್ಟದ್ದನ್ನು ಹನ್ನೆರಡನೆಯ ವರುಷದಲ್ಲಿ ಪಾಪವೆಂದು ಕಸಿದುಕೊಂಡರೆ, ಮಗನಿಗೆ ಅದು ನ್ಯಾಯವಾಗಿ ಕಾಣುವದು ಹೇಗೆ?

ಇನ್ನೊಂದು ಸಂಗತಿ. ಹದಿಮೂರು ವರುಷದ ಹುಡುಗನೊಬ್ಬನನ್ನು ತಂದೆಯು ಪ್ರಾರ್ಥನೆಗೆ ಮೂರು ಸಾರಿ ಕರೆದನು, ಹುಡುಗನು ಏಳಲಿಲ್ಲ. ತಂದೆಯು ಫೋನನ್ನು ಕಸಿದು ಎಸೆದನು. ಆಮೇಲೆ ನಾವು ಹುಡುಗನ ಹತ್ತಿರ ಕುಳಿತು ವಿಚಾರಿಸಲು ಅವನು, “ನಾನು ನಡುವೆ ಬಿಟ್ಟರೆ ನನ್ನ ಜೊತೆಯ ಮೂವರು ಸಾಯುತ್ತಾರೆ” ಎಂದು ಅತ್ತನು. ನಾವು ನಗಲಿಲ್ಲ. ಆ ಆಟದಲ್ಲಿ ನೂರು ಮಂದಿಯ ವರೆಗೆ ಒಂದು ದ್ವೀಪದಲ್ಲಿ ಇಳಿಯುತ್ತಾರೆ. ನಾಲ್ಕು ನಾಲ್ಕು ಜನರು ಒಂದು ಗುಂಪಾಗಿ ಒಬ್ಬರನ್ನೊಬ್ಬರು ಕಾಯಬೇಕು. ಕಡೆಯ ತನಕ ಉಳಿದವರ ಪಂದ್ಯವು ಹೆಚ್ಚುಕಡಿಮೆ ಅರ್ಧ ತಾಸು ನಡೆಯುತ್ತದೆ. ಜೊತೆಗಾರರು ಬೇರೆ ಊರಿನ ನಿಜವಾದ ಹುಡುಗರೇ. ಅವರಿಗೆ ಮಾತು ಕೊಟ್ಟು ನಡುವೆ ಎದ್ದು ಹೋಗುವದು ನಂಬಿಕೆದ್ರೋಹವೆಂದು ಆ ಹುಡುಗನಿಗೆ ತೋರಿತು. ಜೊತೆಗಾರನನ್ನು ಕೈಬಿಡಬಾರದೆಂಬದನ್ನು ನಾವೇ ಸಬ್ಬತ್‌ಶಾಲೆಯಲ್ಲಿ ಕಲಿಸುತ್ತೇವಲ್ಲಾ! ಅವನಲ್ಲಿ ಇದ್ದದ್ದು ಬರೀ ಅವಿಧೇಯತೆಯಲ್ಲ. ಎರಡು ಕರ್ತವ್ಯಗಳು ಅವನನ್ನು ಎರಡು ಕಡೆಗೆ ಎಳೆದವು, ತಂದೆಗೆ ಕಂಡದ್ದು ಒಂದೇ. ಮಕ್ಕಳನ್ನು ಕೆಣಕಿ ಕೋಪವೆಬ್ಬಿಸಬಾರದೆಂದು ಅಪೊಸ್ತಲನು ಎಫೆಸದ ಸಭೆಯ ತಂದೆಗಳಿಗೆ ಬರೆದದ್ದು ಇಂಥ ಸಮಯಕ್ಕೇ ತಗಲುತ್ತದೆಂದು ನಾವು ಎಣಿಸುತ್ತೇವೆ. ಸಂಜೆಯನ್ನು ಪಂದ್ಯ ಆರಂಭವಾಗುವದಕ್ಕಿಂತ ಮುಂಚೆ ಗೊತ್ತುಮಾಡಬೇಕು, ನಡುವೆ ಅಲ್ಲ. ಪ್ರಾರ್ಥನೆ ಎಂಟು ಗಂಟೆಗೆಂದಾದರೆ ಏಳೂವರೆಯ ಮೇಲೆ ಹೊಸ ಪಂದ್ಯವಿಲ್ಲ. ಇಷ್ಟನ್ನು ಹೇಳಬೇಕಾದರೆ ಒಂದು ಪಂದ್ಯ ಎಷ್ಟು ಹೊತ್ತೆಂಬದು ತಂದೆಗೆ ತಿಳಿದಿರಬೇಕು. ಅದು ತಿಳಿಯಬೇಕಾದರೆ ಒಂದು ಸಾರಿಯಾದರೂ ಮಗನ ಮಗ್ಗುಲಲ್ಲಿ ಕುಳಿತು ನೋಡಿರಬೇಕು. ಗುಂಡು ಹೊಡೆಯುವ ಆಟವನ್ನು ಕ್ರೈಸ್ತನ ಮಗನು ಆಡಬಹುದೋ ಎಂಬ ವ್ಯಾಜ್ಯವೂ ಉಂಟು. ಅದನ್ನೂ ನೋಡಿದ ತಂದೆಯೇ ತೀರ್ಮಾನಿಸಬಲ್ಲನು.

ಆದರೆ ಗೊತ್ತುಮಾಡಿದ ಮೇಲೆ ಸಡಿಲಿಸಬಾರದು. ಯಾಜಕನಾದ ಏಲಿಯು ತನ್ನ ಮಕ್ಕಳಿಗೆ ಬುದ್ಧಿ ಹೇಳಲೇ ಇಲ್ಲವೆಂದು ಅನೇಕರು ತಿಳಿದಿದ್ದಾರೆ. ಒಂದನೆಯ ಸಮುವೇಲನ 2ನೆಯ ಅಧ್ಯಾಯವನ್ನು ತೆರೆದು ನೋಡಿರಿ: ಅವನು ಹೇಳಿದನು, ಚೆನ್ನಾಗಿಯೇ ಹೇಳಿದನು. 3ನೆಯ ಅಧ್ಯಾಯದಲ್ಲಿ ದೇವರು ಅವನ ಮೇಲೆ ಹೊರಿಸಿದ ತಪ್ಪು ಹೇಳಲಿಲ್ಲವೆಂಬದಲ್ಲ, ತಡೆಯಲಿಲ್ಲವೆಂಬದು. ಸಾಯಂಕಾಲವೆಲ್ಲಾ ಬೈಯುತ್ತಾ ಫೋನನ್ನು ಮಾತ್ರ ಅಲ್ಲಿಯೇ ಬಿಡುವ ಮನೆಗಳು ಏಲಿಯ ಮನೆಗಳು. ಬೈಗುಳಕ್ಕೆ ಮಕ್ಕಳು ಬೇಗನೆ ಒಗ್ಗಿಕೊಳ್ಳುತ್ತಾರೆ. ಅದು ಆಟದ ಹಿಂದಣ ಸಂಗೀತದಂತೆ ಆಗಿಬಿಡುತ್ತದೆ.

ಈಗ ತಂದೆಯ ಕೈಯನ್ನೂ ನೋಡಬೇಕು. 2020ರ ಬೀಗಮುದ್ರೆಯ ದಿನಗಳಲ್ಲಿ ಲೂಡೊ ಕಿಂಗ್ ಎಂಬ ಆಟವು ದೇಶವನ್ನೆಲ್ಲಾ ಹಿಡಿದಿತ್ತು, ಆಡಿದವರಲ್ಲಿ ದೊಡ್ಡವರೂ ಬಹಳವಿದ್ದರು. ಈ ಹೊತ್ತಿಗೂ ಜಗಲಿಯ ಮೇಲೆ ಗೋಡೆಗೊರಗಿ ಹೆಬ್ಬೆರಳಿನಿಂದ ಪರದೆಯನ್ನು ಮೇಲೆ ಮೇಲೆ ತಳ್ಳುತ್ತಿರುವವರು ಹುಡುಗರು ಮಾತ್ರವಲ್ಲ. ನಾವು ದೊಡ್ಡವರು, ದುಡಿದು ದಣಿದವರು ಎಂದು ಹೇಳಬಹುದು, ದಣಿವು ಸುಳ್ಳಲ್ಲ. ಆದರೆ ಸೂರ್ಯನು ಮುಳುಗಿದರೆ ಮನೆಯವರೆಲ್ಲರಿಗೂ ಮುಳುಗುತ್ತಾನೆ. ಮಗನಿಗೆ ಮಾತ್ರ ಬರುವ ಸಂಜೆಯನ್ನು ಅವನು ಶಿಕ್ಷೆಯೆಂದೇ ಎಣಿಸುವನು. ಫೋನುಗಳೆಲ್ಲವನ್ನೂ, ತಂದೆಯದನ್ನು ಮೊದಲು, ಒಂದು ಗೂಡಿನಲ್ಲಿಟ್ಟು ಊಟಕ್ಕೂ ಪ್ರಾರ್ಥನೆಗೂ ಕುಳಿತುಕೊಳ್ಳುವ ಮನೆಗಳು ನಮ್ಮ ಸಭೆಗಳಲ್ಲಿ ಕೆಲವುಂಟು. ಅಲ್ಲಿ ಜಗಳವೇ ಇಲ್ಲವೆಂದು ನಾವು ಹೇಳುವದಿಲ್ಲ. ಅಲ್ಲಿಯ ಜಗಳಕ್ಕೆ ಒಂದು ನ್ಯಾಯವಿದೆ. ಗೂಡಿನಲ್ಲಿಟ್ಟ ಮೇಲೆ ಆ ಹೊತ್ತನ್ನು ತುಂಬಿಸುವದು ಇನ್ನೂ ಕಷ್ಟ. ಆಟವು ಹುಡುಗನ ಒಂದೊಂದು ಮುಟ್ಟುವಿಕೆಗೂ ಉತ್ತರ ಕೊಡುತ್ತದೆ, ಗೆದ್ದರೆ ಹೊಗಳುತ್ತದೆ, ಸೋತರೆ ಮತ್ತೊಂದು ಸಾರಿ ಬಾ ಎನ್ನುತ್ತದೆ. ಅವನು ಮನೆಯಲ್ಲಿ ಆಡಿದ ಎಷ್ಟು ಮಾತುಗಳಿಗೆ ಈ ವಾರದಲ್ಲಿ ಉತ್ತರ ದೊರೆಯಿತೆಂದು ತಂದೆತಾಯಿಗಳು ಎಣಿಸಿ ನೋಡಬಹುದು.

ಸರಕಾರವೇ ಇದನ್ನು ನಿಲ್ಲಿಸಲಿ ಎನ್ನುವವರಿಗೆ ಒಂದು ಮಾತು. 2020ರ ಸೆಪ್ಟೆಂಬರ್ 2ರಂದು ಸರಕಾರವು ಪಬ್‌ಜಿ ಆಟವನ್ನು ನಿಷೇಧಿಸಿತು; ಅದು 2021ರ ಜುಲೈಯಲ್ಲಿ ಬೇರೊಂದು ಹೆಸರಿನಿಂದ ಹಿಂತಿರುಗಿ, 2022ರಲ್ಲಿ ಮತ್ತೆ ತಡೆಯಲ್ಪಟ್ಟು, 2023ರಲ್ಲಿ ಮತ್ತೆ ಬಂತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣವಿಟ್ಟು ಹಣ ಗೆಲ್ಲುವ ಆಶೆಯಿಂದ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಒಪ್ಪಿತು. ಅದಕ್ಕಾಗಿ ನಾವು ದೇವರನ್ನು ಸ್ತುತಿಸುತ್ತೇವೆ, ಯಾಕಂದರೆ ಆ ಜೂಜಿನಿಂದ ಹಾಳಾದ ಮನೆಗಳು ಕಡಿಮೆಯಲ್ಲ. ಆದರೆ ಪಣವಿಲ್ಲದ ಆಟದಲ್ಲಿಯೂ ಹಣ ಹೋಗುವ ದಾರಿಯುಂಟು. ಆಟದೊಳಗಿನ ಬೊಂಬೆಗೆ ಅಂಗಿ, ಬಂದೂಕಿಗೆ ಬಣ್ಣ, ಇವುಗಳನ್ನು ನಿಜವಾದ ರೂಪಾಯಿಗಳಿಂದ ಕೊಳ್ಳಬೇಕು. ತಂದೆಯ ಫೋನ್‌ಪೇ ಪಿನ್ ನಂಬರು ಮಗನಿಗೆ ಗೊತ್ತಿದ್ದರೆ ವಾರದ ಕೂಲಿಯು ಒಂದು ಸಂಜೆಯಲ್ಲಿ ಹೋಗುತ್ತದೆ. ಅಮೆರಿಕದ ವ್ಯಾಪಾರ ಆಯೋಗವು ಇಂಥ ಖರೀದಿಗಳ ದೂರಿನ ಮೇಲೆ 2022ರ ಡಿಸೆಂಬರಿನಲ್ಲಿ ಎಪಿಕ್ ಗೇಮ್ಸ್ ಕಂಪನಿಯಿಂದ 24 ಕೋಟಿ 50 ಲಕ್ಷ ಡಾಲರುಗಳನ್ನು ಆಡಿದವರಿಗೆ ಹಿಂತಿರುಗಿಸುವದಕ್ಕೆ ಒಪ್ಪಂದ ಮಾಡಿಸಿತು. ನಮ್ಮ ಊರಿನ ಕೂಲಿಗೆ ಅಂಥ ಆಯೋಗವು ಬರುವ ತನಕ ಪಿನ್ ನಂಬರನ್ನು ಬದಲಾಯಿಸಿರಿ.

ಕಡೆಯದಾಗಿ, ಯಾವ ಏರ್ಪಾಡಿಗೂ ಬಗ್ಗದ ಮಕ್ಕಳ ವಿಷಯ. ಇವರು ಕೆಲವರೇ, ಆದರೆ ಅವರ ತಂದೆತಾಯಿಗಳ ದುಃಖವು ದೊಡ್ಡದು. ಶಾಲೆ, ಊಟ, ನಿದ್ರೆ, ಸ್ನೇಹಿತರು ಎಲ್ಲವನ್ನೂ ಬಿಟ್ಟು, ಕೇಡಾಗುತ್ತದೆಂದು ತಿಳಿದೂ ನಿಲ್ಲಿಸಲಾರದೆ, ಸುಮಾರು ಒಂದು ವರುಷ ಕಾಲ ಹೀಗೆಯೇ ನಡೆದರೆ ಅದನ್ನು ರೋಗವೆಂದು ಲೋಕಾರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿಯು 2022ರ ಜನವರಿ 1ರಿಂದ ಜಾರಿಗೆ ಬಂತು. ಅಂಥ ಮಗನನ್ನು ಹೊಡೆಯುವದರಿಂದಾಗಲಿ ಸಭೆಯ ಮುಂದೆ ನಿಲ್ಲಿಸಿ ನಾಚಿಸುವದರಿಂದಾಗಲಿ ಪ್ರಯೋಜನವಿಲ್ಲ. ಅವನಿಗಾಗಿ ಪ್ರಾರ್ಥಿಸಿರಿ, ವೈದ್ಯನ ಬಳಿಗೂ ಕರೆದುಕೊಂಡು ಹೋಗಿರಿ. ಜ್ವರ ಬಂದಾಗ ಈ ಎರಡನ್ನೂ ಮಾಡುತ್ತೇವಷ್ಟೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಿಂದ ಇದಕ್ಕಾಗಿಯೇ ಒಂದು ಚಿಕಿತ್ಸಾಲಯವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆಯಿದೆ. ಅಷ್ಟು ದೂರ ಹೋಗಲಾರದವರು ಟೆಲಿ ಮಾನಸ್ ಎಂಬ ಸರಕಾರದ ಸೇವೆಗೆ 14416 ಸಂಖ್ಯೆಯಲ್ಲಿ ಫೋನು ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.