ಓಡದ ಕಾರಿನ ವಯಸ್ಸು

12 ವರ್ಷ ಹಳೇ ಕಾರು, ಓಡಿರೋದು ಬರೀ 31 ಸಾವಿರ ಕಿಲೋಮೀಟರ್. ಹೀಗಂದ್ರೆ ನಿಮಗೆ ಏನನ್ಸುತ್ತೆ? ನನಗಂತೂ ಲಾಟರಿ ಹೊಡೆದಂಗಾಗಿತ್ತು. ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಸ್ಯಾಂಟ್ರೊ. ಭಾನುವಾರ ದೇವಸ್ಥಾನ, ಆಗಾಗ ಮಗಳ ಮನೆ, ಅಷ್ಟೇ. ಮೇಷ್ಟ್ರು ಒಂದು ಸುಳ್ಳೂ ಹೇಳಲಿಲ್ಲ.

ತಂದ ಆರು ತಿಂಗಳಿಗೆ ಮೆಕ್ಯಾನಿಕ್ ಹೇಳಿದ: "ಟೈಮಿಂಗ್ ಬೆಲ್ಟ್ ಇನ್ನೂ ಶೋರೂಮಿಂದ ಬಂದಿದ್ದೇ ಇದೆ ಸಾರ್." ರಬ್ಬರಿಗೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ. ನಿಂತಲ್ಲೇ ನಿಂತರೂ ಬಿಸಿಗೆ, ಗಾಳಿಗೆ ಅದಕ್ಕೆ ವಯಸ್ಸಾಗುತ್ತೆ. ಹೋಸ್ ಪೈಪುಗಳೂ, ಎಂಜಿನ್ ಮೌಂಟೂ ಹಾಗೇ. ಅದಕ್ಕೇ ಬೆಲ್ಟಿಗೆ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಅಂತ ಗಡುವು ಕೊಡೋದು. ಕ್ರ್ಯಾಂಕ್ ಶಾಫ್ಟನ್ನೂ ಕ್ಯಾಮ್ ಶಾಫ್ಟನ್ನೂ ಒಂದೇ ತಾಳದಲ್ಲಿ ತಿರುಗಿಸೋದು ಈ ಬೆಲ್ಟು. ಓಡುವಾಗ ತುಂಡಾದರೆ, ಅನೇಕ ಎಂಜಿನ್‌ಗಳಲ್ಲಿ ತೆರೆದುಕೊಂಡ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತೆ. ವಾಲ್ವ್ ಬಾಗುತ್ತೆ, ಗಾಡಿ ರಸ್ತೆ ಮಧ್ಯೆ ನಿಲ್ಲುತ್ತೆ. "ನೋಡೋಣ" ಅಂದೆ.

ಎರಡು ವರ್ಷ ಓಡಿಸಿ ಮಾರಲು ಹೊರಟಾಗ ಕೇಳಿಕೊಂಡು ಬಂದವನು ನಮ್ಮ ಟೀಮಿನ ಹುಡುಗ. ಅವನ ಮೊದಲ ಕಾರು. ಊರು ಸಕಲೇಶಪುರದ ಕಡೆ. "ಇನ್ನೂ 40 ಸಾವಿರ ಆಗಿಲ್ಲ ಅಂತ ಹೇಳು ಸಾಕು, ನಿಜ ತಾನೇ?" ಅಂದ ಗೆಳೆಯ. ನಿಜವೇ. ಆದರೆ ಆ ಸಂಖ್ಯೆ ಕೇಳಿದ ತಕ್ಷಣ ಹುಡುಗ ಏನು ಅಂದುಕೊಳ್ತಾನೆ ಅಂತ ನನಗೆ ಗೊತ್ತು. ಅವನು ಹಾಗೆ ಅಂದುಕೊಳ್ಳಲಿ ಅಂತಲೇ ತಾನೇ ನಾನು ಹೇಳೋದು? ಮೇಷ್ಟ್ರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ. ಅವರಿಗೆ ಗೊತ್ತಿರಲಿಲ್ಲ.

ನಮ್ಮ ತಾತ ದನದ ಜಾತ್ರೆಯಲ್ಲಿ ಒಂದು ಲೆಕ್ಕ ಇಟ್ಟುಕೊಂಡಿದ್ದರು. ಹಲ್ಲು ನೋಡಿ ವಯಸ್ಸು ತಿಳಿಯೋದು ಕೊಳ್ಳುವವನ ಕೆಲಸ. ಹಸು ಒದೆಯುತ್ತೆ ಅಂತ ಹೇಳೋದು ಮಾರುವವನ ಕೆಲಸ, ಯಾಕಂದ್ರೆ ಅದು ಕಟ್ಟಿ ಸಾಕಿದವನಿಗೆ ಮಾತ್ರ ಗೊತ್ತು. ಬೆಲ್ಟು ಹಲ್ಲೋ, ಒದೆಯೋ? ಕವರ್ ಬಿಚ್ಚಿಸಿದರೆ ಅವನಿಗೂ ಕಾಣುತ್ತೆ. ಆದರೆ ಬಿಚ್ಚಿಸಬೇಕು ಅಂತ ಗೊತ್ತಿರಬೇಕಲ್ಲ! ಮೊದಲ ಕಾರು ಕೊಂಡಾಗ ನನಗೆಲ್ಲಿ ಗೊತ್ತಿತ್ತು? (ಈ ವಾದವನ್ನು ನನ್ನ ಜೊತೆ ನಾನೇ ಮೂರು ದಿನ ಮಾಡಿದೆ. ಅಷ್ಟು ಹೊತ್ತಿಗೆ ನಾಲ್ಕು ಕಾರು ಮಾರಬಹುದಿತ್ತು.)

ಕೊನೆಗೆ ಬೆಲ್ಟು, ಟೆನ್ಷನರ್, ವಾಟರ್ ಪಂಪ್ ಎಲ್ಲ ನಾನೇ ಹಾಕಿಸಿದೆ. ಹಳೇ ಬೆಲ್ಟಲ್ಲಿ ಒಂದು ಬಿರುಕೂ ಇರಲಿಲ್ಲ. "ಇನ್ನೊಂದು ವರ್ಷ ಬರ್ತಿತ್ತೇನೋ, ನಾಳೆನೇ ಹೋಗ್ತಿತ್ತೇನೋ" ಅಂದ ಮೆಕ್ಯಾನಿಕ್. ಮನೆಗೆ ತಂದು ಟೇಬಲ್ ಮೇಲಿಟ್ಟೆ. ಹೆಂಡತಿ ಏನಿದು ಅಂದಳು. ಸ್ವಲ್ಪ ಹೆಮ್ಮೆಯಿಂದಲೇ ಎಲ್ಲ ಹೇಳಿದೆ.

ಅವಳು ಬೆಲ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಒಂದೂವರೆ ವರ್ಷದಿಂದ ಗೊತ್ತಿತ್ತಾ? ಮಗು ಕೂರಿಸಿಕೊಂಡು ಇದರಲ್ಲೇ ಊರಿಗೆ ಎಷ್ಟು ಸಲ ಹೋಗಿದ್ದೀವಿ. ನಮಗ್ಯಾಕೆ ಹೇಳಲಿಲ್ಲ?"